ಗಾಡಿಯ ಕಿವಿ, ನನ್ನ ಕಿವಿ

ನಮ್ಮ ಮನೆಯಲ್ಲಿ ತೆಂಗಿನಕಾಯಿಯ ಕಣ್ಣು ಚುಚ್ಚಿ ನೀರು ಬಸಿಯಲಿಕ್ಕೆ ಒಂದು ಸ್ಕ್ರೂಡ್ರೈವರ್ ಇದೆ. ಮೊಳದುದ್ದದ್ದು, ಮರದ ಹಿಡಿಯದ್ದು. ಮೊನ್ನೆ ಬೆಳಿಗ್ಗೆ ನನ್ನ ಹೆಂಡತಿ ಗಿರಿಜಾ ಅದನ್ನು ತೊಳೆದು ಚಮಚಗಳ ಜೊತೆ ಕಿಟಕಿಯಲ್ಲಿ ನಿಲ್ಲಿಸಿದ್ದಳು. ಚಹಾ ಕುಡಿಯುತ್ತಾ ಕೂತವನ ಕಣ್ಣು ಅದರ ಹಿಡಿಯ ಮೇಲೆ ಬಿತ್ತು. ಹಿಡಿಯ ತುದಿ ನುಣ್ಣಗೆ ಸವೆದು, ಎಣ್ಣೆ ಕುಡಿದು, ಕಪ್ಪಗೆ ಮಿರಮಿರ ಅಂತಿದೆ. ಅದು ಕೈ ತಾಗಿ ಸವೆದದ್ದಲ್ಲ, ಕಿವಿ ತಾಗಿ ಸವೆದದ್ದು. ಮೊದಲು ನಮ್ಮಪ್ಪನ ಕಿವಿ, ಆಮೇಲೆ ನನ್ನದು.

ನೀವು ಮೆಕ್ಯಾನಿಕ್ಕಿನ ಮಗ ಅಲ್ಲದಿದ್ದರೆ ಇದು ನಿಮಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳ್ತೀನಿ. ಓಡುವ ಎಂಜಿನ್ನಿನ ಮೈಮೇಲೆ ಸ್ಕ್ರೂಡ್ರೈವರಿನ ತುದಿ ಒತ್ತಬೇಕು. ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಬೇಕು. ಒಳಗಿನ ಸಂಸಾರವೆಲ್ಲ ಆಗ ಕಿವಿಗೆ ಬರುತ್ತದೆ. ಯಾವ ಬೇರಿಂಗು ನರಳುತ್ತಿದೆ, ಯಾವ ವಾಲ್ವು ಸಡಿಲಾಗಿದೆ, ಯಾವುದು ಸುಮ್ಮನೆ ಹಟ ಹಿಡಿದಿದೆ, ಎಲ್ಲ. ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳುವುದಿಲ್ಲವೇ, ಹಾಗೆ. ವ್ಯತ್ಯಾಸ ಇಷ್ಟೇ, ಡಾಕ್ಟರು ಕೊಳವೆಯಿಂದ ಕಾಯಿ ಚುಚ್ಚುವುದಿಲ್ಲ.

ಆ ಸ್ಕ್ರೂಡ್ರೈವರು ಅಡುಗೆಮನೆಗೆ ಹೋದದ್ದು ಯಾಕೆಂದರೆ ನನ್ನ ಕಿವಿ ಹೋಗಿದೆ. ಪೂರ್ತಿ ಹೋಗಿಲ್ಲ. ಬಸ್ಸಿನ ಹಾರನ್ನು ಕೇಳುತ್ತದೆ, ಗಿರಿಜಾಳ ಬೈಗುಳ ಕೇಳುತ್ತದೆ, ಗುಡುಗು ಕೇಳುತ್ತದೆ. ಸಣ್ಣವು, ತೆಳ್ಳಗಿನವು, ಎತ್ತರದವು ಮಾತ್ರ ಒಂದೊಂದಾಗಿ ಎದ್ದು ಹೋಗಿವೆ, ಹೇಳದೆ ಕೇಳದೆ. ಹೋದದ್ದು ನನಗೆ ಗೊತ್ತಾಗಲಿಲ್ಲ ಅಂತ ಎಲ್ಲರಿಗೂ ಹೇಳ್ತೀನಿ. ನಿಮ್ಮ ಮುಂದೆ ಯಾಕೆ ಸುಳ್ಳು? ಗೊತ್ತಿತ್ತು. ಒಪ್ಪಿಕೊಳ್ಳುವ ಧೈರ್ಯ ಇರಲಿಲ್ಲ.

ನಮ್ಮಪ್ಪ ಕಂಪ್ಲಿಯಲ್ಲಿ ಹೊಳೆದಂಡೆಯ ಡೀಸೆಲ್ ಪಂಪುಗಳ ಮೇಸ್ತ್ರಿ. ಆಗ ಗದ್ದೆಗದ್ದೆಗೂ ಒಂದು ಎಂಜಿನ್ನು. ಭತ್ತ ನಾಟಿ ಶುರುವಾಯಿತೆಂದರೆ ಊರ ಸುತ್ತ ಟಕಟಕ, ಟುಕುಟುಕು, ಡುಗುಡುಗು. ನಮಗೆಲ್ಲ ಅದು ಒಂದೇ ಗದ್ದಲ. ಅಪ್ಪನಿಗೆ ಮಾತ್ರ ಪ್ರತಿಯೊಂದೂ ಬೇರೆ ಬೇರೆ ಮನುಷ್ಯರ ದನಿ. ಉಣ್ಣುತ್ತಾ ಕೂತವನು ತುತ್ತು ಕೈಯಲ್ಲೇ ಹಿಡಿದು, "ಬುಕ್ಕಸಾಗರದ ರಸ್ತಿ ಕಡಿ ಒಂದು ಎಂಜಿನ್ನು ಕೆಮ್ಮಾಕತ್ತೈತಿ, ನೋಡ್ತಿರು, ಈಗ ಬರ್ತಾರ" ಅನ್ನುತ್ತಿದ್ದ. ಕೈ ತೊಳೆಯುವಷ್ಟರಲ್ಲಿ ಬಾಗಿಲಲ್ಲಿ ಯಾರದೋ ಸೈಕಲ್ಲು ನಿಂತಿರುತ್ತಿತ್ತು. ನಮ್ಮವ್ವ ಸಾರಿನ ಸೌಟು ಹಿಡಿದು, "ಹೇಣ್ತಿ ಕೆಮ್ಮಿದ್ದು ಮಾತ್ರ ಈ ಮನುಷ್ಯಾಗ ಕೇಳಂಗಿಲ್ಲ" ಅನ್ನುತ್ತಿದ್ದಳು. ಅಪ್ಪನಿಗೆ ಅದೂ ಕೇಳುತ್ತಿರಲಿಲ್ಲ.

ನನಗೆ ಪಾಠವೂ ಹಾಗೇ ಆಯಿತು. ಕಣ್ಣು ಮುಚ್ಚಿಸಿ, ಸ್ಕ್ರೂಡ್ರೈವರ್ ಕಿವಿಗೆ ಕೊಟ್ಟು, "ಏನಂತೈತಿ?" ಅಂತ ಕೇಳುವುದು. ತಪ್ಪು ಹೇಳಿದರೆ ಅದೇ ಹಿಡಿಯಿಂದ ತಲೆಗೆ ಒಂದು ಮೊಟಕು. ಸರಿ ಹೇಳಿದರೆ ಏನೂ ಇಲ್ಲ. ಅಪ್ಪ ಹೊಗಳುತ್ತಿದ್ದದ್ದು ಎಂಜಿನ್ನುಗಳನ್ನು ಮಾತ್ರ. ಶಾಲೆಯಲ್ಲಿ ನಾನು ಏನು ಕಲಿತೆನೋ ಬಿಟ್ಟೆನೋ, ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಹೊಳೆದಂಡೆಯ ಅರ್ಧ ಎಂಜಿನ್ನುಗಳ ದನಿ ಗುರುತು ಹಿಡಿಯುತ್ತಿದ್ದೆ. ಅರ್ಧ ಹುಡುಗಿಯರದ್ದೂ ಹಿಡಿಯುತ್ತಿದ್ದೆ, ಅದು ಬೇರೆ ಮಾತು.

ಆ ಕಿವಿ ಹೊತ್ತುಕೊಂಡು ಸಂಡೂರಿನ ಗುಡ್ಡದ ಮೇಲೆ, ಗಣಿಯ ವರ್ಕ್‌ಶಾಪಿನಲ್ಲಿ ಕೆಲಸಕ್ಕೆ ಸೇರಿದೆ. ಅದಿರು ಹೊರುವ ಡಂಪರುಗಳ ರಿಪೇರಿ. ಮನೆಯಷ್ಟು ಎತ್ತರದ ಗಾಡಿಗಳು, ಮೂವತ್ತು ವರ್ಷ ಅವುಗಳ ಹೊಟ್ಟೆಯ ಕೆಳಗೆ ಬಾಳಿದೆ. ಒಂದೊಂದರಲ್ಲೂ ಟರ್ಬೊ ಅಂತ ಇರುತ್ತದೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಚಕ್ರ ತಿರುಗಿ, ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತದೆ. ತಿರುಗುವಾಗ ಸಣ್ಣಗೆ ಸೀಟಿ ಹೊಡೆಯುತ್ತದೆ. ಆ ಸೀಟಿ ಕೇಳಿದರೆ ಸಾಕು, ಚಕ್ರ ಇನ್ನೆಷ್ಟು ದಿನ ಬಾಳುತ್ತದೆ ಅಂತ ಹೇಳುತ್ತಿದ್ದೆ. "ಮೇಸ್ತ್ರಿನ ಕರೀರಿ, ಕಿವಿ ಇಡ್ಲಿ" ಅನ್ನುವುದು ನಮ್ಮ ವರ್ಕ್‌ಶಾಪಿನ ವಾಡಿಕೆ ಮಾತಾಯಿತು. ನನ್ನ ಹೆಸರಿಗಿಂತ ನನ್ನ ಕಿವಿಗೇ ಅಲ್ಲಿ ಬೆಲೆ.

ಕಿವಿಗೆ ಹಾಕಿಕೊಳ್ಳಲು ಅಲ್ಲಿ ಹಳದಿ ಬಣ್ಣದ ಸ್ಪಂಜಿನ ಬಿರಡೆ ಕೊಡುತ್ತಿದ್ದರು. ಎಲ್ಲರೂ ಹಾಕಿಕೊಂಡರು, ನಾನು ಹಾಕಿಕೊಳ್ಳಲಿಲ್ಲ. ಕಿವಿ ಮುಚ್ಚಿಕೊಂಡು ಎಂಜಿನ್ನು ನೋಡುವುದು ಬಾಯಿ ಕಟ್ಟಿಕೊಂಡು ಉಪ್ಪು ನೋಡಿದಂಗ ಅಂತ ದೊಡ್ಡ ಮಾತಾಡಿದೆ. ಬಿರಡೆಗಳನ್ನು ಮನೆಗೆ ತಂದು ಎಣ್ಣೆ ಬಾಟಲಿಗೆ ಒಂದು, ಬಚ್ಚಲಿನ ಒಡಕು ಪೈಪಿಗೆ ಒಂದು ತುರುಕಿದೆ. ಮೂವತ್ತು ವರ್ಷ ನಮ್ಮ ಬಚ್ಚಲಿನ ಪೈಪಿನ ಕಿವಿ ಭಾಳ ಚೆನ್ನಾಗಿ ಉಳಿಯಿತು.

ರಿಟೈರಾಗಿ ಹೊಸಪೇಟೆಯ ಮನೆಯಲ್ಲಿ ಕೂತ ಮೇಲೆ ಒಂದೊಂದೇ ಗೊತ್ತಾಗತೊಡಗಿತು. ಕುಕ್ಕರಿನ ಸೀಟಿ ಎಣಿಸಲು ನನ್ನನ್ನು ಕೂರಿಸಿ ಗಿರಿಜಾ ಪಕ್ಕದ ಮನೆಗೆ ಹೋದರೆ, ಬರುವಷ್ಟರಲ್ಲಿ ಬೇಳೆ ಅಂಬಲಿಯಾಗಿರುತ್ತಿತ್ತು. ನಾನು ಕುಕ್ಕರಿನ ರಬ್ಬರನ್ನು ಬೈದು ಬದಲಿಸಿದೆ. ಬಾಗಿಲ ಬೆಲ್ಲು ಕೇಳದಿದ್ದಾಗ ಬೆಲ್ಲು ಬಿಚ್ಚಿ ರಿಪೇರಿ ಮಾಡಿದೆ. ಅದರಲ್ಲಿ ರಿಪೇರಿ ಮಾಡುವಂಥದ್ದು ಏನೂ ಇರಲಿಲ್ಲ. ಗುಬ್ಬಿಗಳು ಕಡಿಮೆಯಾಗಿವೆ ಅಂತ ಬಂದವರ ಮುಂದೆಲ್ಲ ಮರುಗಿದೆ. ಮಾತು ತಿಳಿಯದಿದ್ದರೆ ನಗುನಗುತ್ತಾ ತಲೆ ಅಲ್ಲಾಡಿಸಿ "ಹ್ಞೂಂ ಹ್ಞೂಂ" ಅನ್ನುವುದು ಕಲಿತೆ. ಪಾಪಿನಾಯಕನಹಳ್ಳಿಯ ಒಂದು ಮದುವೆಯಲ್ಲಿ ಹಳೆಯ ಗೆಳೆಯನೊಬ್ಬ ಪಕ್ಕಕ್ಕೆ ಬಂದು ಏನೋ ಹೇಳಿದ. ನಾನು ನಕ್ಕು, ಅವನ ಭುಜ ತಟ್ಟಿ, "ಭಾಳ ಚೊಲೋ ಆತು ಬಿಡು" ಅಂದೆ. ಅವನ ಅಣ್ಣ ತೀರಿಕೊಂಡ ಸುದ್ದಿ ಅದು. ಆ ಗೆಳೆಯ ಆಮೇಲೆ ನನ್ನ ಜೊತೆ ಮಾತಾಡಿಲ್ಲ. ಮಾತಾಡಿದ್ದರೂ ಕೇಳುತ್ತಿತ್ತೋ ಇಲ್ಲವೋ.

ಇಷ್ಟಾದ ಮೇಲೂ ನನ್ನ ಮಗಳಿಗೆ ಮಾತ್ರ ತಿಳಿಯಬಾರದು ಅಂತಿತ್ತು ನನಗೆ. ಅವಳು ನಾಗವೇಣಿ, ನಮಗೆ ವೇಣಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಎಂಜಿನಿಯರು. ಅವಳು ನನ್ನನ್ನು ನಂಬಿದ್ದು ನನ್ನ ಕಿವಿಯ ಕಾರಣಕ್ಕೆ. ಚಿಕ್ಕಂದಿನಲ್ಲಿ ಹಂಪಿಗೆ ಹೋದಾಗ, ಹೊಳೆ ಪಕ್ಕದ ಬಂಡೆ ಮೇಲೆ ಕೂರಿಸಿ, ತುಟಿ ಹೇಗೆ ಮಾಡಬೇಕು, ನಾಲಿಗೆ ಎಲ್ಲಿಡಬೇಕು ಅಂತ ಅವಳಿಗೆ ಸೀಟಿ ಹೊಡೆಯಲು ಕಲಿಸಿದ್ದೆ. ಅವಳ ಸೀಟಿ ಹೊಳೆ ದಾಟಿ ಆ ಕಡೆಯ ಗುಂಡುಕಲ್ಲುಗಳಿಗೆ ಬಡಿದು ವಾಪಸು ಬರುತ್ತಿತ್ತು. "ಹೆಣ್ಮಗಳು ಸೀಟಿ ಹೊಡಿತಾಳ, ಕಲಿಸಾವ್ರು ಇವ್ರು" ಅಂತ ಗಿರಿಜಾ ದಾರಿಯುದ್ದಕ್ಕೂ ಬೈದಿದ್ದಳು. ನಾವಿಬ್ಬರೂ ಸರದಿಯ ಮೇಲೆ ಸೀಟಿ ಹೊಡೆಯುತ್ತಲೇ ಬಸ್ಸು ಹತ್ತಿದೆವು.

ಹೋದ ವರ್ಷ ಅವಳು ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಳು. ಗಿಡ್ಡಗೆ, ದುಂಡಗೆ, ಮುದ್ದಾಗಿದ್ದ ಗಾಡಿ. ಒಳಗೆ ಟರ್ಬೊ ಇಟ್ಟುಕೊಂಡು ಹೊರಗೆ ಏನೂ ಅರಿಯದವರ ಹಾಗೆ ನಿಂತಿತ್ತು. ಬಿಳಿ ಬಣ್ಣ, ಆದರೆ ಈ ಕಡೆ ಬಿಳಿ ಅನ್ನುವುದು ಒಂದು ವಾರದ ಮಾತು, ಅದಿರಿನ ಧೂಳಿಗೆ ಎಲ್ಲವೂ ಕೆಂಪೇ. ವೇಣಿಗೆ ಜೋರಾಗಿ ಓಡಿಸುವ ಹುಚ್ಚು. ಅದೂ ನನ್ನಿಂದಲೇ ಬಂದದ್ದು ಅಂತ ಗಿರಿಜಾಳ ತೀರ್ಪು.

"ಅಪ್ಪಾ, ಸಂಡೂರು ಏರಿನ್ಯಾಗ ಲಾರಿ ದಾಟಾಕ ಹೋದ್ರ ಇದಕ್ಕ ಉಸಿರು ಸಾಲಂಗಿಲ್ಲ. ಇನ್ನಷ್ಟು ಜೀವ ತುಂಬಿ ಕೊಡು" ಅಂದಳು.

"ಗ್ಯಾರೇಜಿಗೆ ಕೊಡು, ಮಾಡ್ತಾರ" ಅಂದೆ, ಬಾಯಿಮಾತಿಗೆ.

"ಗ್ಯಾರೇಜಿನ್ಯಾಗ ನಿನ್ನ ಕಿವಿ ಎಲ್ಲಿ ಐತಿ?"

ಹೀಗಂದರೆ ಯಾರು ಬ್ಯಾಡ ಅಂತಾರೆ, ನೀವೇ ಹೇಳಿ.

ಅಲ್ಲಿಂದ ನಮ್ಮ ಭಾನುವಾರಗಳೆಲ್ಲ ಅಂಗಳದಲ್ಲಿ. ಬೇವಿನ ಗಿಡದ ಕೆಳಗೆ ಗಾಡಿ, ಗಾಡಿಯ ಮುಂದೆ ಚಾಪೆ, ಚಾಪೆ ಮೇಲೆ ನಾನು. ಕಾದ ಗಾಳಿಯನ್ನು ತಂಪು ಮಾಡುವ ದೊಡ್ಡ ಇಂಟರ್‌ಕೂಲರ್ ಕೂರಿಸಿದೆವು. ಹೊಗೆ ಸಲೀಸಾಗಿ ಹೋಗಲಿ ಅಂತ ಅಗಲದ ಪೈಪು ಹಾಕಿದೆವು. ಒಂದು ಸಣ್ಣ ಡಬ್ಬಿಯನ್ನು ವೇಣಿ ತರಿಸಿದಳು. ಎಂಜಿನ್ನಿನ ಕಂಪ್ಯೂಟರಿಗೆ ಗಾಳಿ ಕಡಿಮೆ ಇದೆ ಅಂತ ಸುಳ್ಳು ಹೇಳಿ, ಟರ್ಬೊದಿಂದ ಹೆಚ್ಚು ಗಾಳಿ ಒತ್ತಿಸುವುದು ಅದರ ಕೆಲಸ. ಗಿರಿಜಾ ಒಗೆದು ಹಾಕಿದ ಬೆಡ್‌ಶೀಟಿನ ಮೇಲೆ ನನ್ನ ಹತ್ತೂ ಬೆರಳಿನ ಎಣ್ಣೆ ಗುರುತು ಬಿತ್ತು. ಅವಳು ಬೈದಳು, ವೇಣಿ ನಕ್ಕಳು. ರಿಟೈರಾದ ಮೇಲೆ ನಾನು ಅಷ್ಟು ಸುಖವಾಗಿದ್ದದ್ದು ಅದೊಂದೇ ಕಾಲ.

ಮೊದಲ ಸಲ ಓಡಿಸಿ ಬಂದಾಗ ವೇಣಿಯ ಮುಖ ಅರಳಿತ್ತು. "ಸೀಟಿ ಹೆಂಗ್ ಹೊಡಿತೈತಿ ಅಪ್ಪಾ, ಮಸ್ತ್!" ನನಗೆ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳಿರಲಿಲ್ಲ. "ಹ್ಞೂಂ, ಮಸ್ತ್" ಅಂದೆ.

ಆದರೆ ಏರಿನಲ್ಲಿ ಇನ್ನೇನು ಜಿಗಿಯಿತು ಅನ್ನುವಾಗ ಗಾಡಿ ತಾನೇ ಸ್ವಲ್ಪ ಹಿಂದೆ ಸರಿಯುತ್ತಿತ್ತು. ಜೀವ ಸಾಲುತ್ತಿಲ್ಲ ಅಂತ ನಾನು ಡಬ್ಬಿಯ ಒತ್ತಡವನ್ನು ಇನ್ನಷ್ಟು ಏರಿಸಿದೆ. ಅದು ಇನ್ನಷ್ಟು ಸರಿಯಿತು. ನನಗೆ ರೇಗಿತು. ಹುಡುಕಿದಾಗ ಕಾರಣ ಸಿಕ್ಕಿತು. ಈಗಿನ ಗಾಡಿಗಳಿಗೆ ತಮ್ಮದೇ ಒಂದು ಕಿವಿ ಇರುತ್ತದೆ. ಎಂಜಿನ್ನಿನ ಮೈಗೆ ಬೋಲ್ಟ್ ಮಾಡಿದ, ಬಿಲ್ಲೆಯಂಥ ಸೆನ್ಸರು. ಒತ್ತಡ ಮೀರಿ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದರೆ ಒಳಗಿನಿಂದ ಕಟಕಟ ಸದ್ದು ಬರುತ್ತದೆ, ಬಾಣಲೆಯಲ್ಲಿ ಕಡಲೆ ಹುರಿದ ಹಾಗೆ. ಆ ಸದ್ದು ಎಂಜಿನ್ನಿನ ಸಾವು. ಅದನ್ನು ಕೇಳಿದ ಕೂಡಲೇ ಸೆನ್ಸರು ಕಂಪ್ಯೂಟರಿಗೆ ಹೇಳಿ ಗಾಡಿಯನ್ನು ತಗ್ಗಿಸುತ್ತದೆ.

ನನ್ನಂಥ ಮೇಸ್ತ್ರಿಗೆ ಒಂದು ಬಿಲ್ಲೆ ಬುದ್ಧಿ ಹೇಳುವುದೇ? ಎಂಜಿನ್ನು ಓಡಿಸಿ, ಸ್ಕ್ರೂಡ್ರೈವರು ಒತ್ತಿ ಕೇಳಿದೆ. ಎಲ್ಲ ಶಾಂತವಾಗಿತ್ತು. ಕಿವಿಗೆ ಅಷ್ಟು ಶಾಂತ ಎಂಜಿನ್ನು ನನ್ನ ಜನ್ಮದಲ್ಲೇ ಸಿಕ್ಕಿರಲಿಲ್ಲ. ಆಗಲಾದರೂ ಹೊಳೆಯಬೇಕಿತ್ತು. ಸೆನ್ಸರಿನ ಬೋಲ್ಟು ಬಿಚ್ಚಿ, ಅದರ ಕೆಳಗೆ ಹಳೆಯ ಸೈಕಲ್ ಟ್ಯೂಬಿನ ಒಂದು ತುಂಡು ಕತ್ತರಿಸಿ ಇಟ್ಟು, ಮತ್ತೆ ಬಿಗಿದೆ.

"ಅದ್ಯಾಕಪ್ಪಾ?" ವೇಣಿ ಕೇಳಿದಳು.

"ಇದು ಅಂಜುಬುರುಕ. ಇಲ್ಲದ್ದು ಕೇಳಿಸ್ಕಂಡು ಹಿಂದಕ್ಕ ಸರಿತೈತಿ. ಸ್ವಲ್ಪ ಕಿವಿ ಮುಚ್ಚೇನಿ."

"ಕೆಡಂಗಿಲ್ಲ ಅಲ್ಲ?"

"ಕೇಳಾಕ ನಾ ಅದೀನಲ್ಲ ಬೇ" ಅಂದೆ.

ಈ ಮಾತನ್ನು ನಾನು ದಿನಕ್ಕೊಮ್ಮೆಯಾದರೂ ನೆನೆಸಿಕೊಳ್ಳುತ್ತೇನೆ. ಮೂವತ್ತು ವರ್ಷ ಬಿರಡೆ ಬ್ಯಾಡ ಅಂದವನು, ಕೇಳುವ ಕಿವಿ ಇದ್ದ ಗಾಡಿಗೆ ಬಲವಂತವಾಗಿ ಬಿರಡೆ ಹಾಕಿದೆ.

ಮುಂದಿನ ಭಾನುವಾರ ಬೆಳಿಗ್ಗೆ ತಿಂಡಿ ತಿಂದು ಸಂಡೂರಿನ ದಾರಿ ಹಿಡಿದೆವು. ವೇಣಿ ಓಡಿಸುತ್ತಿದ್ದಳು, ನಾನು ಪಕ್ಕದಲ್ಲಿ. ಏರು ಶುರುವಾಯಿತು. ಈ ಸಲ ಗಾಡಿ ಹಿಂದೆ ಸರಿಯಲಿಲ್ಲ, ನಮ್ಮಿಬ್ಬರ ಬೆನ್ನನ್ನೂ ಸೀಟಿಗೆ ಒತ್ತಿ ಹಾರಿತು. ಒಂದು ಲಾರಿ ದಾಟಿದೆವು, ಎರಡು ದಾಟಿದೆವು. ವೇಣಿ ಒಮ್ಮೆ ನನ್ನ ಕಡೆ ನೋಡಿದಳು. ನಾನು ನಕ್ಕೆ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ನೋಡಿದಳು, ಹುಬ್ಬು ಗಂಟಿಕ್ಕಿ. ಅಪ್ಪ ಖುಷಿಯಾಗಿದ್ದಾನಾ ಅಂತ ನೋಡ್ತಾಳೆ ಅಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದೆ. ಅವಳು ಆಕ್ಸಿಲರೇಟರಿನ ಮೇಲೆ ಕಾಲು ಒತ್ತಿದಳು.

ಮೂರನೆಯ ಲಾರಿಯ ಪಕ್ಕಕ್ಕೆ ಬಂದಾಗ ಧಡ್ ಅಂತ ಕಾಲಡಿಗೆ ಬಡಿದಂತಾಯಿತು. ಅದು ನನಗೂ ಕೇಳಿತು. ಗಾಡಿಯ ಜೀವ ಹೋಯಿತು. ಎದುರಿನ ತಿರುವಿನಿಂದ ಅದಿರಿನ ಲಾರಿಯೊಂದು ಇಳಿದು ಬರುತ್ತಿತ್ತು. ಬಲಕ್ಕೆ ಗುಡ್ಡ, ಎಡಕ್ಕೆ ಲಾರಿ, ನಡುವೆ ಸತ್ತ ಗಾಡಿಯಲ್ಲಿ ನನ್ನ ಮಗಳು. ವೇಣಿ ಬ್ರೇಕು ಒತ್ತಿದಳು, ಎಡಗಡೆಯ ಲಾರಿ ಮುಂದಕ್ಕೆ ಹೋಯಿತು, ಅದರ ಹಿಂದಿನ ಜಾಗಕ್ಕೆ ಗಾಡಿಯನ್ನು ಎಳೆದುಕೊಂಡಳು. ಇಳಿಯುವ ಲಾರಿ ನಮ್ಮ ಕನ್ನಡಿ ಸವರಿ ಹೋಯಿತು. ರಸ್ತೆ ಬದಿಯ ಕೆಂಪು ಮಣ್ಣಿನಲ್ಲಿ ಗಾಡಿ ನಿಂತಿತು, ಹಿಂದಿನಿಂದ ಬೆಳ್ಳಗೆ ಹೊಗೆ.

ವೇಣಿ ಕೀಲಿ ಕಿತ್ತು ಮಡಿಲಲ್ಲಿ ಇಟ್ಟುಕೊಂಡಳು. ಆಮೇಲೆ ಕೇಳಿದಳು.

"ಅಪ್ಪಾ, ಆವಾಗಿಂದ ಕಟಕಟ ಅಂತಿತ್ತಲ್ಲ, ಅದು ಏನು?"

"ಯಾವಾಗಿಂದ?"

"ಏರು ಶುರುವಾದಾಗಿಂದ. ಎರಡು ಸಲ ನಿನ್ನ ಮಾರಿ ನೋಡ್ದೆ. ನೀ ನಕ್ಕಿ. ನನಗ ಕೇಳಿದ್ದು ನಿನಗೂ ಕೇಳಿರ್ತೈತಿ, ಏನೂ ಇಲ್ಲ ಅಂತ ಬಿಟ್ಟೆ."

ಅವಳಿಗೆ ಸ್ಪಷ್ಟವಾಗಿ ಕೇಳಿದೆ. ಸ್ವಂತ ಕಿವಿಗಿಂತ ನನ್ನ ನಗುವನ್ನು ನಂಬಿ ಕಾಲು ಒತ್ತಿದ್ದಾಳೆ. ನಾನು ಕಿಟಕಿಯ ಆಚೆ ಮುಖ ಮಾಡಿ ಕೂತೆ. ವೇಣಿ ನನ್ನ ಮುಖವನ್ನು ಭಾಳ ಹೊತ್ತು ನೋಡಿದಳು. ಆಗಲೇ ಅವಳಿಗೆ ತಿಳಿಯಿತು ಅಂತ ಕಾಣುತ್ತದೆ. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ನೀರಿನ ಬಾಟಲಿ ತೆಗೆದು ನನ್ನ ಕೈಗೆ ಕೊಟ್ಟಳು.

ಮನೆಯಲ್ಲಿ ಗಿರಿಜಾ ಕಣ್ಣೀರು ಹಾಕಿ, ಹರಕೆ ಹೊತ್ತು, ಆಮೇಲೆ ನನ್ನ ಕಡೆ ತಿರುಗಿದಳು. "ನನಗ ಆರು ವರ್ಷದಿಂದ ಗೊತ್ತೈತ್ರಿ. ನಾ ಇಷ್ಟು ಜೋರಾಗಿ ಮಾತಾಡಾದು ಯಾಕ ಅಂದ್ಕಂಡಿದ್ರಿ? ಓಣ್ಯಾಗ ಎಲ್ಲಾರೂ ನಾನು ದಿನಾ ಗಂಡನ ಕೂಡ ಜಗಳಾಡೋ ಹೆಂಗಸು ಅಂತಾರ. ಅನ್ಲಿ ಅಂತ ಸುಮ್ಮನಿದ್ದೆ." ನಾನೂ ಹಾಗೇ ಅಂದುಕೊಂಡಿದ್ದೆ, ವಯಸ್ಸಾದಂತೆ ಇವಳ ಬಾಯಿ ಜೋರಾಗಿದೆ ಅಂತ. ನನ್ನ ಮಾನ ಕಾಯಲಿಕ್ಕೆ ಅವಳು ತನ್ನ ಮಾನ ಕಳೆದುಕೊಂಡಿದ್ದಳು.

ವೇಣಿ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಬೆರಳೆತ್ತಿ ಅಂದರು. ಹೊರಗೆ ಕೂತ ಹೆಣ್ಣುಮಗಳು ಬಟನ್ ಒತ್ತುವಾಗ ಅವಳ ಭುಜ ಒಂಚೂರು ಅಲುಗುತ್ತಿತ್ತು. ಅದನ್ನು ನೋಡಿ ನೋಡಿ ಬೆರಳೆತ್ತಿದೆ. ಈ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಕಾಪಿ. ಅವಳಿಗೆ ಅನುಮಾನ ಬಂದು, ನನ್ನನ್ನು ಗೋಡೆ ಕಡೆ ತಿರುಗಿಸಿ ಕೂರಿಸಿದಳು. ಆಮೇಲೆ ಬೆರಳು ಎತ್ತುವ ಪ್ರಸಂಗವೇ ಬರಲಿಲ್ಲ. ಗೋಡೆಯ ಬಿಳಿ ಬಣ್ಣ ನೋಡುತ್ತಾ ಕೂತೆ. ಪರೀಕ್ಷೆ ಇನ್ನೂ ನಡೆದಿದೆಯೋ ಮುಗಿಯಿತೋ ತಿಳಿಯದೆ, ವೇಣಿ ಬಂದು ಭುಜ ಮುಟ್ಟುವವರೆಗೂ ಕೂತೇ ಇದ್ದೆ. ಹೋದದ್ದು ಮತ್ತೆ ಬರುವುದಿಲ್ಲ ಅಂದರು ಡಾಕ್ಟರು. ಕಿವಿಗೆ ಹಾಕುವ ಮಶೀನು ಬರೆದುಕೊಟ್ಟರು. ಹಾಕಿಕೊಂಡರೆ ಪಾತ್ರೆಗಳ ಸದ್ದು ತಲೆ ಒಡೆಯುತ್ತದೆ, ಮಾತು ಮಾತ್ರ ತಗಡಿನ ಹಾಗೆ ಬರುತ್ತದೆ. ಹೆಚ್ಚು ದಿನ ಅದು ಡಬ್ಬಿಯಲ್ಲೇ ಇರುತ್ತದೆ.

ಎಂಜಿನ್ನು ಬಿಚ್ಚಿದಾಗ ಒಂದು ಪಿಸ್ಟನ್ನಿನ ತಲೆ ಕರಗಿ ತೂತಾಗಿತ್ತು. ಗಾಡಿ ಮಾರಿಬಿಡು ಅಂದೆ. ವೇಣಿ ಕೇಳಲಿಲ್ಲ. ಪ್ರತಿ ಭಾನುವಾರ ತಾನೇ ಚಾಪೆ ಮೇಲೆ ಕೂತಳು. ನಾನು ಬೋಲ್ಟು ಬಿಚ್ಚುವ ಪಾನ ಎತ್ತಿ ಕೊಡುವ ಕೆಲಸಕ್ಕೆ ಇಳಿದೆ. ಕಂಪ್ಯೂಟರಿಗೆ ಸುಳ್ಳು ಹೇಳುವ ಆ ಡಬ್ಬಿಯನ್ನು ಕಿತ್ತು ಹಾಕಿದಳು. ಸೆನ್ಸರಿನ ಕೆಳಗಿನ ಟ್ಯೂಬಿನ ತುಂಡನ್ನು ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. ಸ್ಕ್ರೂಡ್ರೈವರನ್ನು ನಾನೇ ಒಯ್ದು ಅಡುಗೆಮನೆಯಲ್ಲಿ ಇಟ್ಟುಬಂದೆ.

ಮೊನ್ನೆ ಕಿಟಕಿಯಲ್ಲಿ ಅದನ್ನು ನೋಡಿದೆ ಅಂದೆನಲ್ಲ, ಅವತ್ತೇ ರಿಪೇರಿ ಮುಗಿದ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡುವ ದಿನ. ವೇಣಿ ಒಳಗೆ ಬಂದು ಸ್ಕ್ರೂಡ್ರೈವರು ತೆಗೆದುಕೊಂಡು ಅಂಗಳಕ್ಕೆ ಹೋದಳು, ನಾನೂ ಹಿಂದೆ ಹೋದೆ. ಎಂಜಿನ್ನು ಚಾಲೂ ಮಾಡಿ, ಕೂದಲು ಹಿಂದಕ್ಕೆ ಸರಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಭಾಳ ಹೊತ್ತು ಕೇಳಿದಳು. ನನ್ನಪ್ಪನ ಹಾಗೇ ಬಾಯಿ ಸ್ವಲ್ಪ ತೆರೆದಿತ್ತು.

"ಏನಂತೈತಿ?" ಕೇಳಿದೆ.

"ಸಾಫ್ ಐತಪ್ಪಾ."

ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟು, ಗಾಡಿಯಲ್ಲಿ ಕೂತು, ಬಾಗಿಲು ತೆರೆದೇ ಇಟ್ಟು ಆಕ್ಸಿಲರೇಟರ್ ಒತ್ತಿದಳು. ನಾನು ಬಾನೆಟ್ಟಿನ ಹತ್ತಿರ ನಿಂತಿದ್ದೆ. ಡುರ್ ಅನ್ನುವ ದಪ್ಪ ಸದ್ದು ಪಾದದಿಂದ ಏರಿ ಬಂತು.

"ಸೀಟಿ ಕೇಳ್ತೈತೇನಪ್ಪಾ?" ಜೋರಾಗಿ ಕೂಗಿದಳು.

ಕುತ್ತಿಗೆ ತಾನಾಗಿಯೇ "ಹ್ಞೂಂ" ಅನ್ನಲು ಹೊರಟಿತ್ತು. ಹಿಡಿದು ನಿಲ್ಲಿಸಿದೆ. "ಇಲ್ಲವ್ವ, ಕೇಳಂಗಿಲ್ಲ. ಹೆಂಗೈತಿ ಹೇಳು."

ವೇಣಿ ಹೇಗೆ ಹೇಳುವುದು ಅಂತ ಒಂದು ಗಳಿಗೆ ಯೋಚಿಸಿದಳು. ಆಮೇಲೆ ಹಂಪಿಯ ಬಂಡೆ ಮೇಲೆ ನಾನು ಕಲಿಸಿದ ಹಾಗೇ ತುಟಿ ದುಂಡಗೆ ಮಾಡಿದಳು. ಕೆನ್ನೆ ಒಳಕ್ಕೆ ಹೋಯಿತು, ಕಣ್ಣು ನನ್ನ ಮೇಲೇ ಇತ್ತು. ನಾನು ಅವಳ ತುಟಿ ನೋಡುತ್ತಾ ಕಾದೆ.

ಅಂಗಳದ ಆ ಮೂಲೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಗಿರಿಜಾ ಗಕ್ಕನೆ ತಿರುಗಿದಳು. "ಇಷ್ಟು ದೊಡ್ಡಾಕಿ ಆದ್ರೂ ಸೀಟಿ ಹೊಡಿಯಾದು ಬಿಡ್ಲಿಲ್ಲ ನೋಡು ಇದು" ಅಂತ ಬೈದಳು.

ಬೈದದ್ದು ನನಗೆ ಸ್ಪಷ್ಟವಾಗಿ ಕೇಳಿತು.